ಮಕ್ಕಳ ಆಟದ ಹೊತ್ತು ಯಾರ ಪಾಲು?



ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಬರುವ ಯಾಯೀರನ ಮಗಳ ವೃತ್ತಾಂತವನ್ನು ನೀವೆಲ್ಲರೂ ಬಲ್ಲಿರಿ. ಪ್ರಾರ್ಥನಾಮಂದಿರದ ಅಧಿಕಾರಿಯೊಬ್ಬ ಪ್ರಭು ಯೇಸುವಿನ ಪಾದಕ್ಕೆರಗಿ, ಸಾಯುತ್ತಿರುವ ಮಗಳನ್ನು ಉಳಿಸಿಕೊಡಬೇಕೆಂದು ಅಂಗಲಾಚುತ್ತಾನೆ. ದಾರಿಯಲ್ಲಿ ತಡವಾಗುತ್ತದೆ. ಅಷ್ಟರಲ್ಲಿ ಮಗಳು ತೀರಿಹೋದಳೆಂಬ ಸುದ್ದಿ ಮನೆಯಿಂದ ಬರುತ್ತದೆ. ಪ್ರಭು ಒಳಗೆ ಹೋಗಿ ಅವಳ ಕೈಹಿಡಿದು ಎಬ್ಬಿಸುತ್ತಾರೆ. ಅವಳು ಎದ್ದು ನಡೆದಾಡುತ್ತಾಳೆ. ಅವಳಿಗೆ ಹನ್ನೆರಡು ವರ್ಷವಾಗಿತ್ತೆಂದು ಮಾರ್ಕನು ಮರೆಯದೆ ಬರೆಯುತ್ತಾನೆ. ಸುತ್ತಲಿದ್ದವರೆಲ್ಲ ಬೆರಗಾಗಿ ನಿಂತಿರುವಾಗ ಪ್ರಭು ಇನ್ನೊಂದು ಮಾತು ಹೇಳುತ್ತಾರೆ. ಮಗುವಿಗೆ ತಿನ್ನಲು ಏನಾದರೂ ಕೊಡಬೇಕೆಂದು ಅಪ್ಪಣೆ ಮಾಡುತ್ತಾರೆ.

ಗುರುದೀಕ್ಷೆಯಾದಂದಿನಿಂದ ಈ ಭಾಗದ ಮೇಲೆ ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇನೆ. ಆ ತಂದೆಯ ವಿಶ್ವಾಸದ ಬಗ್ಗೆ, ಮರಣದ ಮೇಲೆ ಪ್ರಭುವಿಗಿರುವ ಅಧಿಕಾರದ ಬಗ್ಗೆ ಹೇಳಿದ್ದೇನೆ. ಆ ಕೊನೆಯ ಮಾತನ್ನು ಮಾತ್ರ ಕಥೆ ಮುಗಿಸುವ ಒಂದು ವಾಕ್ಯವೆಂಬಂತೆ ಓದಿ ಮುಂದೆ ಹೋಗುತ್ತಿದ್ದೆ. ಅದನ್ನು ನನಗೆ ಓದಲು ಕಲಿಸಿದವಳು ಏಳನೇ ತರಗತಿಯ ಒಬ್ಬ ಹುಡುಗಿ.

ನಾನು ಸಂಚಾಲಕನಾಗಿದ್ದ ಶಾಲೆಯೊಂದರಲ್ಲಿ ಒಂದು ಸೋಮವಾರ ಬೆಳಗ್ಗೆ ಅಸೆಂಬ್ಲಿ ನಡೆಯುತ್ತಿತ್ತು. ಪ್ರಾರ್ಥನೆ ಮುಗಿದು ನಾಡಗೀತೆ ಶುರುವಾಗುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಹುಡುಗಿ ಸದ್ದಿಲ್ಲದೆ ಕುಸಿದಳು. ಟೀಚರುಗಳು ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಮಲಗಿಸಿ, ಸಕ್ಕರೆ ನೀರು ಕುಡಿಸಿದರು. ಮಧ್ಯಾಹ್ನ ಅವಳ ತಾಯಿ ಬಂದರು. ಬೆಳಗ್ಗೆ ಏನು ತಿಂದಿದ್ದಳೆಂದು ಕೇಳಿದೆ. "ತಿಂಬುಕೆ ಟೈಮ್ ಎಲ್ಲಿತ್ತ್ ಫಾದರ್? ಏಳ್ ಗಂಟಿಗೆ ಬಸ್. ಒಂದ್ ಚಾ ಕುಡ್ದ್ ಓಡ್ತಾಳೆ" ಅಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟರ ಹತ್ತಿರವಿತ್ತು. ಆ ಪ್ರಾಯದ ಹುಡುಗಿಗೆ ಕಡಿಮೆಯೆಂದರೂ 12 ಇರಬೇಕು. ಅವಳ ಪ್ರಾಯ ಕೇಳಿದೆ. ಹನ್ನೆರಡು.

ನನ್ನ ಮೇಜಿನ ಮೇಲೆ ಆ ವಾರವೇ ನಾನು ಸಹಿ ಹಾಕಿದ್ದ ಹೊಸ ವೇಳಾಪಟ್ಟಿ ಇತ್ತು. ಹತ್ತನೇ ತರಗತಿಯ ಪಿ.ಟಿ. ಪೀರಿಯಡ್ಡುಗಳನ್ನು ಗಣಿತಕ್ಕೂ ವಿಜ್ಞಾನಕ್ಕೂ ಕೊಡಲಾಗಿತ್ತು. ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ವಾರದಲ್ಲಿ ಒಂದನ್ನು ಉಳಿಸಿ, ಮಿಕ್ಕದ್ದನ್ನು ಇಂಗ್ಲಿಷಿಗೆ ಹಂಚಲಾಗಿತ್ತು. ಯಾರೂ ಆಕ್ಷೇಪಿಸಿರಲಿಲ್ಲ. ಪೋಷಕರ ಸಭೆಯಲ್ಲಿ ಇದನ್ನು ತಿಳಿಸಿದಾಗ ಚಪ್ಪಾಳೆಯೇ ಬಿದ್ದಿತ್ತು.

ಈ ಚಪ್ಪಾಳೆ ಎಲ್ಲಿಂದ ಬರುತ್ತದೆಂಬುದು ನಮಗೆಲ್ಲ ಗೊತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಉಡುಪಿ ಜಿಲ್ಲೆ 2024ರಲ್ಲಿ ರಾಜ್ಯಕ್ಕೇ ಪ್ರಥಮ, 2025ರಲ್ಲಿ ದ್ವಿತೀಯ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಶಾಲೆಗೆ ಹೋದರೂ ಆಫೀಸಿನ ಗೋಡೆಯ ಮೇಲೆ ಶೇಕಡಾವಾರು ಫಲಿತಾಂಶದ ಪಟ್ಟಿ ತೂಗುತ್ತಿರುತ್ತದೆ. ಸಂತೋಷವೇ. ಬಡ ಮೀನುಗಾರನ ಮಗ, ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿಯ ಮಗಳು ಓದಿ ಮುಂದೆ ಬರುವುದು ಕಡಿಮೆ ಸಂಗತಿಯಲ್ಲ. ಆದರೆ ಅದೇ ಗೋಡೆಯ ಮೇಲೆ ಎಷ್ಟು ಮಕ್ಕಳಿಗೆ ರಕ್ತಹೀನತೆಯಿದೆ, ಎಷ್ಟು ಮಕ್ಕಳು ಹೊಟ್ಟೆಗೆ ಏನೂ ಇಲ್ಲದೆ ಬರುತ್ತಾರೆ, ಎಷ್ಟು ಮಕ್ಕಳು ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಾರೆ ಎಂಬ ಪಟ್ಟಿಯನ್ನು ನಾನು ಎಲ್ಲಿಯೂ ನೋಡಿಲ್ಲ. ನಮ್ಮ ಶಾಲೆಯಲ್ಲಿಯೂ ಇರಲಿಲ್ಲ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಕಲಿಯುವಾಗ ಗ್ರೀಕರ ಒಂದು ವಿಚಾರವನ್ನು ಓದಿದ್ದೆವು. ದೇಹವೆಂಬುದು ಆತ್ಮಕ್ಕೆ ಸೆರೆಮನೆ, ಸಮಾಧಿ ಎಂದು ಪ್ಲೇಟೊನ ಪರಂಪರೆಯವರು ಹೇಳುತ್ತಿದ್ದರು. ಕೇಳಲು ಭಕ್ತಿಯ ಮಾತಿನಂತೆಯೇ ಇದೆ. ನಮ್ಮಲ್ಲಿ ಅನೇಕರು ಇದೇ ಕ್ರೈಸ್ತ ಬೋಧನೆಯೆಂದು ತಿಳಿದಿದ್ದಾರೆ. ಆದರೆ ಧರ್ಮಸಭೆ ಇದನ್ನು ಒಪ್ಪಲಿಲ್ಲ. ದೇವರ ವಾರ್ತೆಯೇ ಮಾಂಸಧಾರಿಯಾದ ಮೇಲೆ ದೇಹವನ್ನು ಸೆರೆಮನೆಯೆಂದು ಕರೆಯುವುದು ಹೇಗೆ? ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ನಾವು ಎದುರುನೋಡುವುದು ಸತ್ತವರ ಪುನರುತ್ಥಾನವನ್ನು; ಆತ್ಮ ಅಮರವೆಂದಷ್ಟೇ ಹೇಳಿ ನಾವು ನಿಲ್ಲಿಸುವುದಿಲ್ಲ. ದೇಹ ಮತ್ತು ಆತ್ಮ ಸೇರಿ ಒಬ್ಬನೇ ಮನುಷ್ಯ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಆ ಮಹಾ ಪಂಡಿತರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಸ್ನೇಹಿತರ ಸಾಂತ್ವನ, ಸತ್ಯದ ಧ್ಯಾನ ಇವುಗಳ ಜೊತೆಗೆ ಚೆನ್ನಾಗಿ ನಿದ್ದೆ ಮಾಡುವುದನ್ನೂ ಸ್ನಾನ ಮಾಡುವುದನ್ನೂ ಸೇರಿಸಿದ್ದಾರೆ! ಅದನ್ನು ಮೊದಲ ಸಲ ಓದಿದಾಗ ನಾವು ಬ್ರದರುಗಳೆಲ್ಲ ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ಹಿಡಿದು ಬೆಳಗ್ಗೆ ಮಂಕಾಗಿ ಬರುವ ಹದಿಹರೆಯದವರನ್ನು ಪಾಪನಿವೇದನೆಯ ಪೀಠದಲ್ಲಿ ಕಂಡಾಗ, ಮೊದಲು ಹತ್ತು ದಿನ ಬೇಗ ಮಲಗು ಎಂದು ಹೇಳಬೇಕೆನಿಸುತ್ತದೆ.

ಆಟದ ಬಗ್ಗೆಯೂ ಅವರು ಬರೆದಿದ್ದಾರೆ. ಬಿಲ್ಲನ್ನು ಸದಾ ಎಳೆದೇ ಹಿಡಿದರೆ ಅದು ಮುರಿಯುತ್ತದೆ, ಮನಸ್ಸೂ ಹಾಗೆಯೇ ಎಂದು ಪ್ರೇಷಿತ ಯೊವಾನ್ನರು ಹೇಳಿದರೆಂಬ ಹಳೆಯ ಕಥೆಯನ್ನು ಅವರು ನೆನಪಿಸಿ, ಆಟ ಮತ್ತು ವಿನೋದ ಮನುಷ್ಯನಿಗೆ ಬೇಕು, ಅದರಲ್ಲಿ ಹಿತಮಿತವಿರುವುದೂ ಒಂದು ಸದ್ಗುಣ ಎನ್ನುತ್ತಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ ಮಕ್ಕಳ ದೈಹಿಕ, ನೈತಿಕ, ಬೌದ್ಧಿಕ ಶಕ್ತಿಗಳು ಮೂರೂ ಹೊಂದಿಕೊಂಡು ಬೆಳೆಯಬೇಕೆಂದು ಹೇಳಿತು. ಮೂರನ್ನೂ ಒಟ್ಟಿಗೆ ಹೇಳಿದ್ದನ್ನು ನಾವು ನಮ್ಮ ಶಾಲೆಗಳಲ್ಲಿ ಒಂದೂವರೆಗೆ ಇಳಿಸಿದ್ದೇವೆ. ಪ್ರಾಣ ಮತ್ತು ಆರೋಗ್ಯ ದೇವರು ನಮ್ಮ ವಶಕ್ಕೆ ಕೊಟ್ಟ ಅಮೂಲ್ಯ ವರಗಳು, ಅವುಗಳನ್ನು ಕಾಪಾಡಲು ಸಮಾಜವೂ ನೆರವಾಗಬೇಕು ಎಂಬುದು ಕಥೋಲಿಕ ಧರ್ಮೋಪದೇಶ ಗ್ರಂಥದ ಮಾತು. ದೇಹವನ್ನೇ ದೇವರಾಗಿಸಿ ಅದಕ್ಕೆ ಎಲ್ಲವನ್ನೂ ಬಲಿಕೊಡುವುದನ್ನು ಅದೇ ಗ್ರಂಥ ಖಂಡಿಸುತ್ತದೆ. ಜಿಮ್ಮಿನ ಕನ್ನಡಿಯೆದುರು ಗಂಟೆಗಟ್ಟಲೆ ನಿಂತು, ಡಬ್ಬಿಯ ಪುಡಿ ಕುಡಿದು ತೋಳು ಬೆಳೆಸುವ ಯುವಕರಿಗೆ ಈ ಎರಡನೆಯ ಮಾತನ್ನು ಹೇಳಬೇಕಾದೀತು. ಆದರೆ ಶಾಲೆಯ ಮಕ್ಕಳ ವಿಷಯದಲ್ಲಿ ನಮ್ಮ ಪಾಪ ಆ ಬದಿಯದ್ದಲ್ಲ.

ಈಗ ನಮ್ಮ ಊರಿನ ಮಕ್ಕಳನ್ನು ನೋಡಿ. ನನ್ನ ಪ್ರಾಯದವರು ಶಾಲೆಗೆ ನಡೆದೇ ಹೋದವರು. ಗದ್ದೆಯ ಅಂಚು, ತೋಡಿನ ಸಂಕ, ಹೊಳೆಯ ದೋಣಿ ದಾಟಿ ಎರಡು ಮೂರು ಮೈಲು ಹೋಗಿ ಬರುತ್ತಿದ್ದೆವು; ಪಿ.ಟಿ. ಇಲ್ಲದಿದ್ದರೂ ನಡೆಯುತ್ತಿತ್ತು. ಇಂದು ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರನ್ನೂ ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿ ಹೋಗುತ್ತದೆ. ಅದನ್ನು ದಾಟಿ ಮಗುವನ್ನು ನಡೆಸಿ ಕಳುಹಿಸಲು ಯಾವ ತಾಯಿಗೆ ಧೈರ್ಯ ಬಂದೀತು? ಮನೆಯ ಬಾಗಿಲಿಗೆ ಶಾಲೆಯ ಬಸ್ಸು ಅಥವಾ ರಿಕ್ಷಾ ಬರುತ್ತದೆ. ಸಂಜೆ ಬಂದ ಮಗು ಟ್ಯೂಷನಿಗೆ ಹೋಗುತ್ತದೆ. ಚಿನ್ನಿದಾಂಡು, ಲಗೋರಿ, ಕುಂಟೆಬಿಲ್ಲೆ ಆಡುತ್ತಿದ್ದ ಹಿತ್ತಿಲು ಸೈಟಾಗಿದೆ. ಹೀಗಿರುವಾಗ ದಿನದಲ್ಲಿ ಮಗು ಓಡಲು ಉಳಿದಿದ್ದ ಜಾಗವೆಂದರೆ ಶಾಲೆಯ ಮೈದಾನ, ಉಳಿದಿದ್ದ ಹೊತ್ತೆಂದರೆ ಆ ಪೀರಿಯಡ್ಡು. ಅದನ್ನೂ ನಾವು ಕಸಿದೆವು.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಮೈಬಗ್ಗಿಸಿ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಅಂಕಿ ಅಂಶಗಳ ಪ್ರಕಾರ ಲೋಕದ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ. 81 ಮಂದಿ ಅಷ್ಟು ಆಡುತ್ತಿರಲಿಲ್ಲ. ಹುಡುಗರಿಗಿಂತ ಹುಡುಗಿಯರು ಇನ್ನೂ ಕಡಿಮೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಅಂದಾಜಿಸಿತು. ನಮ್ಮ ಧರ್ಮಕೇಂದ್ರಗಳಲ್ಲಿ ಮನೆ ಭೇಟಿಗೆ ಹೋದರೆ ಇದಕ್ಕೆ ಅಧ್ಯಯನವೇ ಬೇಡ. ಪ್ರತಿ ಮನೆಯ ಫ್ರಿಜ್ಜಿನ ಮೇಲೆ ಮಾತ್ರೆಯ ಡಬ್ಬಿಯಿದೆ. ಮೊದಲು ಅಜ್ಜ ಅಜ್ಜಿಯರದ್ದಿತ್ತು, ಈಗ ನನ್ನ ಪ್ರಾಯದವರದ್ದು. ಆಟಕ್ಕೆ ಸಮಯ ಕೊಟ್ಟರೆ ಅಂಕ ಇಳಿಯುತ್ತದೆಂಬ ಭಯಕ್ಕೂ ಆಧಾರ ಕಡಿಮೆ. 2010ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯವರು ಈ ಕುರಿತ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಆಟದಿಂದ ಓದಿಗೆ ತೊಂದರೆಯಾಗಿರುವುದು ಕಾಣಲಿಲ್ಲ. ಗಮನ ಹೆಚ್ಚಿದ್ದು ಕಂಡುಬಂತು.

ಊಟದ ಮಾತಿಗೆ ಬರೋಣ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲು, ಇತ್ತೀಚಿನ ವರ್ಷಗಳಲ್ಲಿ ಬಂದ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಇವೆಲ್ಲ ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಸಿಗುತ್ತವೆ. ಯಾವ ಪಕ್ಷದ ಸರಕಾರ ಮಾಡಿತೆಂಬ ಲೆಕ್ಕ ನನಗೆ ಬೇಡ. ಹಸಿದವರಿಗೆ ಉಣಿಸುವುದು ಕರುಣೆಯ ಕಾರ್ಯಗಳಲ್ಲಿ ಮೊದಲನೆಯದು. ಒಂದು ವಿಚಿತ್ರ ಮಾತ್ರ ನೋಡಿ. ಕನ್ನಡ ಮಾಧ್ಯಮದ ಹಳೆಯ ಹಂಚಿನ ಶಾಲೆಯಲ್ಲಿ ಕೂಲಿಯವರ ಮಗು ಮಧ್ಯಾಹ್ನ ಬಿಸಿ ಅನ್ನ, ಸಾಂಬಾರು, ಬೇಯಿಸಿದ ಮೊಟ್ಟೆ ತಿನ್ನುತ್ತದೆ. ಅಲ್ಲೇ ಪಕ್ಕದಲ್ಲಿ, ಸಾಲ ಮಾಡಿ ಫೀಸು ಕಟ್ಟುವ ಅನುದಾನರಹಿತ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ನಮ್ಮ ಮಗು ಬೆಳಗ್ಗೆ ಆರಕ್ಕೆ ಮಾಡಿದ ತಣ್ಣನೆಯ ನೂಡಲ್ಸನ್ನು ಅರ್ಧ ತಿಂದು ಅರ್ಧ ಚೆಲ್ಲುತ್ತದೆ. ಗೇಟಿನ ಹೊರಗೆ ಅಂಗಡಿಯಲ್ಲಿ ಐದು ರೂಪಾಯಿಯ ಪ್ಯಾಕೆಟ್ಟು ಕಾದಿರುತ್ತದೆ. ಸಿಬಿಎಸ್‌ಇ ಮಂಡಳಿ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಸಕ್ಕರೆ ಫಲಕ ಹಾಕಬೇಕೆಂದು ಸೂಚಿಸಿತು. ಯಾವ ಪಾನೀಯದಲ್ಲಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆಯಿದೆಯೆಂದು ಮಕ್ಕಳ ಕಣ್ಣಿಗೆ ಬೀಳುವಂತೆ ಬರೆಯುವ ಫಲಕ. ಒಂದು ಹಲಗೆ, ಒಂದಿಷ್ಟು ಬಣ್ಣ ಸಾಕು. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳು ಆದೇಶಕ್ಕೆ ಕಾಯಬೇಕಾಗಿಲ್ಲ.

ಕಬ್ಬಿಣಾಂಶದ ಮಾತ್ರೆಯ ಬಗ್ಗೆ ತಾಯಂದಿರಿಗೆ ವಿಶೇಷವಾಗಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿತ್ತು. ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ. ಅದಕ್ಕೆಂದೇ ವಾರಕ್ಕೊಂದು ನೀಲಿ ಮಾತ್ರೆಯನ್ನು ಶಾಲೆಯಲ್ಲಿ ಕೊಡುತ್ತಾರೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆಯನ್ನೂ ಕೊಡುತ್ತಾರೆ. ಆ ನೀಲಿ ಮಾತ್ರೆಗಳು ನಮ್ಮ ಶಾಲೆಯ ಹಿಂದಿನ ಚರಂಡಿಯಲ್ಲಿ ಬಿದ್ದಿರುವುದನ್ನು ನಾನೇ ಕಂಡಿದ್ದೇನೆ. ಕೇಳಿದರೆ, ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಅಮ್ಮ ಬೇಡವೆಂದಿದ್ದಾರೆ ಎಂಬ ಉತ್ತರ. ಮಲ ಕಪ್ಪಾಗುವುದು ಕಬ್ಬಿಣದಿಂದ, ಅದರಿಂದ ಭಯವಿಲ್ಲ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ತೊಳಸುತ್ತದೆ, ಊಟವಾದ ಮೇಲೆ ತೆಗೆದುಕೊಂಡರೆ ಅಷ್ಟಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ; ಲಿಂಬೆ, ನೆಲ್ಲಿಕಾಯಿ, ಪೇರಳೆ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಹುರುಳಿ ಸಾರು, ನುಗ್ಗೆ ಸೊಪ್ಪು, ಹರಿವೆ, ಬಂಗುಡೆ, ಬೂತಾಯಿ ನಮಗೆ ಪರದೇಶದ ಪದಾರ್ಥಗಳಲ್ಲ. ಸೆಪ್ಟೆಂಬರ್ 8ರ ತೆನೆಹಬ್ಬದಂದು ಹೊಸ ಅಕ್ಕಿಯೊಂದಿಗೆ ಹಿತ್ತಿಲಿನ ಬಗೆಬಗೆಯ ತರಕಾರಿಗಳನ್ನು ಕೂಡಿಸಿ ಉಣ್ಣುವ ಸಂಪ್ರದಾಯ ನಮ್ಮದು. ಒಂದು ದಿನ ಅಷ್ಟು ಸೊಗಸಾಗಿ ಉಂಡು, ಮಾರನೆಯ ದಿನದಿಂದ ಮಕ್ಕಳಿಗೆ ಚಹಾ ಮತ್ತು ರಸ್ಕು!

ಧರ್ಮಸಭೆಯ ಉಪವಾಸದ ಕಟ್ಟಳೆಯನ್ನು ಇಲ್ಲಿ ನೆನಪಿಸಿಕೊಳ್ಳುವುದು ಒಳ್ಳೆಯದು. ತಪಸ್ಸುಕಾಲದಲ್ಲಿಯೂ ಉಪವಾಸದ ನಿಯಮ 18 ವರ್ಷ ತುಂಬಿದವರಿಗೆ. ಮಾಂಸ ವರ್ಜನೆಯ ನಿಯಮ 14 ತುಂಬಿದವರಿಗೆ. ಬೆಳೆಯುವ ಮಗುವಿನ ಹೊಟ್ಟೆಯ ಮೇಲೆ ತಾಯಿಯಾದ ಧರ್ಮಸಭೆ ಶುಭ ಶುಕ್ರವಾರದಂದೂ ಕೈಯಿಡುವುದಿಲ್ಲ. ನಾವು ಏಳು ಗಂಟೆಯ ಬಸ್ಸಿಗೋಸ್ಕರ ಅದೇ ಮಗುವನ್ನು ವರ್ಷದ ಇನ್ನೂರು ದಿನ ಉಪವಾಸ ಕೂರಿಸುತ್ತೇವೆ.

ಹುಡುಗಿಯರ ಮಾತನ್ನು ಬೇರೆಯಾಗಿಯೇ ಹೇಳಬೇಕು. ಹನ್ನೆರಡು ಹದಿಮೂರಕ್ಕೆ ದೊಡ್ಡವಳಾದಳೆಂದು ಮೈದಾನದಿಂದ ಅವಳನ್ನು ಒಳಗೆ ಕರೆಯುತ್ತೇವೆ. ತಮ್ಮ ಕ್ರಿಕೆಟ್ ಆಡುತ್ತಾನೆ, ಅಕ್ಕ ಪಾತ್ರೆ ತೊಳೆಯುತ್ತಾಳೆ. ಮೈ ಬೆಳೆಯುವ, ರಕ್ತ ಹೆಚ್ಚು ಬೇಕಾಗುವ, ಮೂಳೆ ಗಟ್ಟಿಯಾಗುವ ಪ್ರಾಯದಲ್ಲಿಯೇ ಅವಳಿಗೆ ಆಟವೂ ಕಡಿಮೆ, ಮೀನಿನ ತುಂಡೂ ಚಿಕ್ಕದು. ಯಾಯೀರನ ಮಗಳ ಪ್ರಾಯ ಅದೇ. ಪ್ರಭು ಎಬ್ಬಿಸಿದ ಮೇಲೆ ಅವಳು ನಡೆದಾಡಿದಳೆಂದು ಬರೆದಿದೆ. ಅವಳನ್ನು ಮತ್ತೆ ಮಂಚಕ್ಕೆ ಕಳುಹಿಸಿದರೆಂದು ಎಲ್ಲಿಯೂ ಬರೆದಿಲ್ಲ.

ಕ್ರೀಡೆಯೆಂದರೆ ಪದಕವೆಂದು ತಿಳಿದಿರುವ ಶಾಲೆಗಳೂ ಇವೆ. ಕುಂದಾಪುರದ ವಂಡ್ಸೆ ಬದಿಯ ಗುರುರಾಜ ಪೂಜಾರಿಯವರ ಹೆಸರನ್ನು ಕೇಳದವರು ನಮ್ಮಲ್ಲಿಲ್ಲ. ಲಾರಿ ಚಾಲಕರ ಮಗ. ಶಾಲೆಯಲ್ಲಿದ್ದಾಗ ಶಿಕ್ಷಕರ ಪ್ರೋತ್ಸಾಹದಿಂದ ಕುಸ್ತಿಗೆ ಇಳಿದವರು, ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತಲು ಕಲಿತರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 269 ಕಿಲೋ ಎತ್ತಿ ಕಂಚು ತಂದರು. ಊರೆಲ್ಲ ಫ್ಲೆಕ್ಸ್ ಹಾಕಿದೆವು. ಆದರೆ ಅವರನ್ನು ಒಬ್ಬ ಶಿಕ್ಷಕರು ಗುರುತಿಸಿದ್ದು ಶಾಲೆಯಲ್ಲಿ ಅವರು ಆಡುತ್ತಿದ್ದುದರಿಂದ. ನಮ್ಮ ವಾರ್ಷಿಕ ಕ್ರೀಡೋತ್ಸವದಲ್ಲಿ ಓಡುವ ಮಕ್ಕಳು ಇಪ್ಪತ್ತು, ಬಿಸಿಲಲ್ಲಿ ಕುಳಿತು ಚಪ್ಪಾಳೆ ತಟ್ಟುವವರು ನಾನೂರು. ಆ ನಾನೂರು ಮಂದಿಗೆ ಪದಕ ಬೇಡ, ಬೆವರು ಬೇಕು. ದಪ್ಪಗಿರುವ ಹುಡುಗ, ಕಾಲು ಎಳೆಯುವ ಹುಡುಗಿ, ಇವರಿಗೂ ಒಂದು ಆಟವನ್ನು ಹುಡುಕಿಕೊಡುವವರನ್ನು ನಾನು ಒಳ್ಳೆಯ ದೈಹಿಕ ಶಿಕ್ಷಕರೆನ್ನುತ್ತೇನೆ. ಎಷ್ಟೋ ಶಾಲೆಗಳಲ್ಲಿ ಅಂಥ ಶಿಕ್ಷಕರ ಹುದ್ದೆಯೇ ಖಾಲಿಯೆಂಬುದೂ ನಿಜ. ಅಲ್ಲಿ ನಮ್ಮ ಐಸಿವೈಎಂ ಯುವಕರು ವಾರಕ್ಕೆರಡು ಸಂಜೆ ಹೋಗಿ ವಾಲಿಬಾಲ್, ತ್ರೋಬಾಲ್ ಆಡಿಸಿದರೆ ಅದೂ ಸೇವೆಯೇ.

ಗುರುಗಳಾದ ನಮ್ಮ ತಪ್ಪನ್ನೂ ಹೇಳದೆ ಬಿಡಲಾರೆ. ಎಷ್ಟೋ ಕಡೆ ಚರ್ಚಿನ ಎದುರಿನ ಮೈದಾನಕ್ಕೆ ಇಂಟರ್‌ಲಾಕ್ ಹಾಕಿಸಿ ಕಾರು ನಿಲ್ಲಿಸಲು ಕೊಟ್ಟಿದ್ದೇವೆ. ಭಾನುವಾರ ಪೂಜೆಯ ನಂತರ ಮಕ್ಕಳನ್ನು ಧರ್ಮೋಪದೇಶಕ್ಕೆ ಕೂರಿಸಿ, ಬೆಲ್ಲಾದ ಕೂಡಲೇ ಗೇಟಿನ ಹೊರಗೆ ಕಳುಹಿಸುತ್ತೇವೆ. ಸಂತ ಜಾನ್ ಬೊಸ್ಕೊ ಟ್ಯೂರಿನ್ ನಗರದ ಬೀದಿ ಮಕ್ಕಳನ್ನು ಸೇರಿಸಿದಾಗ ಅವರ ಕೇಂದ್ರದಲ್ಲಿ ಪ್ರಾರ್ಥನಾಲಯದಷ್ಟೇ ಆಟದ ಅಂಗಳಕ್ಕೂ ಸ್ಥಾನವಿತ್ತು. ಕುಂದಾಪುರದ ರೊಜಾರಿ ಮಾತೆಯ ದೇವಾಲಯಕ್ಕೆ ಹೋದಾಗ ನಾವು ಸಂತ ಜೋಸೆಫ್ ವಾಜರನ್ನು ನೆನೆಯುತ್ತೇವೆ. 1680ರ ದಶಕದಲ್ಲಿ ಕೆನರಾ ಸೀಮೆಯಲ್ಲಿ ಸೇವೆ ಸಲ್ಲಿಸಿದ ಅವರು, ಮುಂದೆ ಶ್ರೀಲಂಕೆಯಲ್ಲಿ ಕಾಡು ಮೇಡು ನಡೆದು ಸುತ್ತಿದವರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದು ಜನ ಊರು ಬಿಟ್ಟು ಓಡಿದಾಗ ಅಲ್ಲಿಯೇ ನಿಂತು ರೋಗಿಗಳನ್ನು ತೊಳೆದು, ಉಣಿಸಿ, ಸತ್ತವರನ್ನು ಮಣ್ಣು ಮಾಡಿದವರು. ಅವರ ಪವಾಡಗಳನ್ನು ಮಕ್ಕಳಿಗೆ ಹೇಳುತ್ತೇವೆ. ಅಷ್ಟು ದೂರ ನಡೆದ ಕಾಲುಗಳ ಬಗ್ಗೆ ಹೇಳುವುದಿಲ್ಲ.

ನಮ್ಮ ಶಾಲೆಯಲ್ಲಿ ಆಮೇಲೆ ಏನಾಯಿತೆಂದು ನೀವು ಕೇಳಬಹುದು. ಆ ವೇಳಾಪಟ್ಟಿಯನ್ನು ನಾನು ಹಿಂದೆಗೆದುಕೊಂಡೆ. ಗಣಿತದ ಟೀಚರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಫಲಿತಾಂಶ ಕಡಿಮೆಯಾದರೆ ಯಾರು ಉತ್ತರ ಹೇಳುವುದು ಎಂದು ಮೂರನೇ ದಿನ ಕೇಳಿದರು. ನಾನು ಹೇಳುತ್ತೇನೆ ಅಂದೆ. ಸ್ತ್ರೀ ಸಂಘಟನೆಯ ತಾಯಂದಿರು ಸರದಿ ಹಾಕಿಕೊಂಡು, ದೂರದಿಂದ ಬರುವ ಮಕ್ಕಳಿಗೆ ಬೆಳಗ್ಗೆ ಅಸೆಂಬ್ಲಿಗೆ ಮೊದಲು ಗಂಜಿ ಚಟ್ನಿ ಕೊಡಲು ಶುರುಮಾಡಿದರು. ಮೊದಲ ವಾರ ಮಕ್ಕಳು ನಾಚಿಕೆಯಿಂದ ಬರಲಿಲ್ಲ. ಹೆಡ್‌ಮಾಸ್ಟ್ರು ಮತ್ತು ನಾನು ಅದೇ ಬೆಂಚಿನಲ್ಲಿ ಕುಳಿತು ಉಣ್ಣಲು ಆರಂಭಿಸಿದ ಮೇಲೆ ಬಂದರು.

ಆ ಹುಡುಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಗಂಜಿಗೂ ಬರುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಅವಳು ಹೊಡೆದ ಥ್ರೋಬಾಲ್ ಕಂಪೌಂಡು ದಾಟಿ ಕಾನ್ವೆಂಟಿನ ಮಾಡಿನ ಮೇಲೆ ಬಿದ್ದು ಎರಡು ಹಂಚು ಒಡೆಯಿತು. ಸಿಸ್ಟರು ನನಗೆ ಹಂಚಿನ ಲೆಕ್ಕದ ಚೀಟಿ ಕಳುಹಿಸಿದರು. ದುಡ್ಡು ಕೊಟ್ಟು, ಚೀಟಿಯನ್ನು ಪ್ರಾರ್ಥನಾ ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ.